ಟೋರ್ವಿಕ್‌ನ ತಲೆ ಎಣಿಕೆ

ಟೋರ್ವಿಕ್, ಉತ್ತರ ಡಕೋಟಾ
ಮಾರ್ಚ್ 30, 1980

ಮಗನೇ ಡೇಲ್,

ನಿನ್ನ ಅಮ್ಮ ಈಗ ಸರ್ಕಾರಿ ನೌಕರಳು. ನಗಬೇಡ. ಜನಗಣತಿಗೆ ಈ ಊರಿನ ತಲೆ ಎಣಿಸಲು ಯಾರೂ ಸಿಗದೆ ಕೊನೆಗೆ ನನ್ನ ಕೊರಳಿಗೆ ಗುರುತಿನ ಚೀಟಿ ಕಟ್ಟಿದ್ದಾರೆ. ಬಲಗೈ ಎತ್ತಿ ಪ್ರಮಾಣ ಮಾಡಿ ಬಂದಿದ್ದೇನೆ. ಇದ್ದವರನ್ನು ಬಿಡುವಂತಿಲ್ಲ, ಇಲ್ಲದವರನ್ನು ಸೇರಿಸುವಂತಿಲ್ಲ, ಮನೆಯೊಳಗೆ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. "ಮೂರನೇದು ನಿನ್ ಕೈಲಿ ಆಗಲ್ಲ ಬಿಡು" ಎಂದರು ನಿನ್ನ ಅಪ್ಪ.

ಮೊದಲು ನಕ್ಷೆ ಬರೆದುಕೊಡಬೇಕಂತೆ. ಬರೆಯಲು ಏನಿದೆ ಹೇಳು? ಉತ್ತರಕ್ಕೆ ರೈಲು ಹಳಿ ಮತ್ತು ಗೋಧಿ ತುಂಬುವ ಗೋಪುರ, ದಕ್ಷಿಣಕ್ಕೆ ಜೌಗು, ನಡುವೆ ಐದು ಬೀದಿ. ಪೂರ್ವಕ್ಕೆ ನಾವು ಗುಡ್ಡ ಎಂದು ಕರೆಯುವ ಆ ಉಬ್ಬು, ಅದರ ಮೇಲೆ ಸ್ಮಶಾನ. ವಸಂತದಲ್ಲಿ ಜೌಗು ಉಕ್ಕಿದಾಗ ಕಾಲು ಒದ್ದೆಯಾಗದವರು ಅಲ್ಲಿರುವವರು ಮಾತ್ರ. ನೀನು ಓದಿದ ಶಾಲೆಯನ್ನು ಚೌಕ ಹಾಕಿ ತೋರಿಸಿ, ಒಳಗೆ "ಖಾಲಿ" ಎಂದು ಬರೆದೆ. ಹಾಗೆ ಬರೆಯುತ್ತಾ ಹೋದರೆ ಒಂದೊಂದು ಬೀದಿಗೆ ನಾಲ್ಕು ನಾಲ್ಕು ಖಾಲಿ. ಹತ್ತು ವರ್ಷದ ಹಿಂದೆ ನಾವು ನೂರ ಮೂವತ್ತೊಂದು ಜನ. ಈ ಸಲ ನೂರು ಮುಟ್ಟುವುದಿಲ್ಲ, ಎಣಿಸುವ ಮೊದಲೇ ನನಗೆ ಗೊತ್ತು.

ಅಪ್ಪನ ಹೃದಯ ಮೊದಲಿನಂತಿಲ್ಲ. ಇನ್ನೊಂದು ಚಳಿಗಾಲ ತಡೆಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅವರ ಬಾಯಲ್ಲಿ ನಿನ್ನ ಹೆಸರು ಇನ್ನೂ ಬರುವುದಿಲ್ಲ. ಆದರೆ ರೇಡಿಯೋದಲ್ಲಿ ವಿನಿಪೆಗ್‌ನ ಹವಾಮಾನ ಬಂದರೆ ಎದ್ದು ಹೋಗಿ ಧ್ವನಿ ಜೋರು ಮಾಡುತ್ತಾರೆ.

ಬಂದುಹೋಗು ಮಗೂ. ಸೈನ್ಯಕ್ಕೆ ಹೋಗದೆ ಗಡಿ ದಾಟಿದವರನ್ನೆಲ್ಲ ಸರ್ಕಾರ ಕ್ಷಮಿಸಿ ಮೂರು ವರ್ಷವಾಯಿತು. ಈಗ ನಿನ್ನನ್ನು ತಡೆಯುತ್ತಿರುವುದು ಸರ್ಕಾರವಲ್ಲ, ಎದುರು ಮನೆಯ ಥೋರಾ ಮೋಯೆನ್. ಅದು ನಿನಗೂ ಗೊತ್ತು, ನನಗೂ ಗೊತ್ತು. ಕೌಂಟಿಯಿಂದ ಆ ತಿಂಗಳು ಯುದ್ಧಕ್ಕೆ ನಾಲ್ಕು ಹುಡುಗರು ಹೋಗಬೇಕಿತ್ತು. ನಾಲ್ಕನೆಯವನು ನೀನು. ನೀನು ಕೆನಡಾಕ್ಕೆ ಹೋದೆ, ಲೆಕ್ಕ ತುಂಬಲು ಪಟ್ಟಿಯಲ್ಲಿ ಮುಂದಿದ್ದ ಅವಳ ರಾಡ್ನಿ ಹೋದ. ಅವನು ಪೆಟ್ಟಿಗೆಯಲ್ಲಿ ವಾಪಸು ಬಂದ. ಅಂದಿನಿಂದ ಊರೆಲ್ಲ ಇದನ್ನೇ ಹೇಳುತ್ತದೆ. ಹನ್ನೊಂದು ವರ್ಷದಿಂದ ನಾನೂ ಥೋರಾಳೂ ಚರ್ಚಿನ ಅಡುಗೆಮನೆಯಲ್ಲಿ ಪಕ್ಕಪಕ್ಕ ನಿಂತು ಪಾತ್ರೆ ಒರೆಸುತ್ತೇವೆ. ಹವೆಯ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ.

ನೂರಾರು ಬಾಗಿಲು ತಟ್ಟಲು ಹೊರಟಿದ್ದೇನೆ ಅನ್ನುವಂತೆ ಎಲ್ಲರೂ ನನ್ನನ್ನು ಹುರಿದುಂಬಿಸುತ್ತಿದ್ದಾರೆ. ನನಗೆ ಒಂದು ಬಾಗಿಲಿನದೇ ಭಯ.

ಕಾಫಿ ಉಕ್ಕಿತು, ನಿಲ್ಲಿಸುತ್ತೇನೆ.

ಅಮ್ಮ
ಆರ್ಡಿಸ್ ಲುಂಡೆ (ಗಣತಿದಾರಳು!)


ವಿನಿಪೆಗ್
ಏಪ್ರಿಲ್ 13, 1980

ಅಮ್ಮ,

ಸರ್ಕಾರಿ ನೌಕರರೇ, ನಮಸ್ಕಾರ. ನಿಮ್ಮ ನಕ್ಷೆಯಲ್ಲಿ ಜೌಗಿನ ಪಕ್ಕದ ಒಡಕು ದೋಣಿಯನ್ನು ಬರೆದಿರಾ? ರಾಡ್ನಿಯೂ ನಾನೂ ಅದರಲ್ಲಿ ಕೂತು ಬಾತುಕೋಳಿಗೆ ಗುರಿಯಿಡುತ್ತಿದ್ದೆವು. ಒಂದಕ್ಕೂ ತಗುಲಲಿಲ್ಲ. ಅವನ ಗುರಿ ನನಗಿಂತ ಕೆಟ್ಟದಾಗಿತ್ತು.

ಬಸ್ಸಿನ ಎಂಜಿನ್ ಬಿಚ್ಚಿಟ್ಟು ಇದನ್ನು ಬರೆಯುತ್ತಿದ್ದೇನೆ, ಗ್ರೀಸು ಹತ್ತಿದರೆ ಬೈಯಬೇಡ. ಶಾಲೆಯ ಬಸ್ಸುಗಳಿಗೆ ಚಳಿಗಾಲ ಮುಗಿದಾಗಲೇ ನೆಗಡಿ. ನಿನ್ನ ಮೊಮ್ಮಗಳು ನಿಕೋಲ್‌ಗೆ ಆರು ತುಂಬಿತು. ಟೋರ್ವಿಕ್ ಎಲ್ಲಿ ಎಂದು ದಿನಾ ಕೇಳುತ್ತಾಳೆ. ಭೂಪಟದಲ್ಲಿ ತೋರಿಸೋಣ ಎಂದರೆ ಅದರಲ್ಲಿ ಹೆಸರೇ ಇಲ್ಲ. ಪೆನ್ನಿನಿಂದ ಒಂದು ಚುಕ್ಕೆ ಇಟ್ಟು "ಇಲ್ಲಿ" ಎಂದೆ. "ಇಷ್ಟೇನಾ?" ಎಂದಳು.

ನೀನು ತಂಗಿಯ ಮನೆಗೆ ಹೋಗುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ ಎರಡು ಸಲ ಇಲ್ಲಿಗೆ ಬಸ್ಸು ಹತ್ತಿ ಬಂದಿದ್ದೀಯ. ಇಲ್ಲಿಂದ ನಿಮ್ಮ ಮನೆಗೆ ನಾಲ್ಕು ಗಂಟೆಯ ದಾರಿ. ಒಂದು ಸಲ ಗಡಿಯವರೆಗೆ ಬಂದು ವಾಪಸು ಹೋದೆ ಎಂದು ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಗಡಿ ಕಾಯುವವನಿಗೆ ಕಾಗದ ತೋರಿಸಬಹುದು. ಥೋರಾ ಮೋಯೆನ್‌ರ ಕಿಟಕಿಗೆ ಏನು ತೋರಿಸಲಿ?

ಅಪ್ಪನನ್ನು ನೋಡಬೇಕು ಅನ್ನಿಸುತ್ತದೆ. ಅವರ ಮೇಲೆ ಸಿಟ್ಟೂ ಇದೆ. ಎರಡೂ ನಿಜ.

ಡೇಲ್


ಟೋರ್ವಿಕ್
ಏಪ್ರಿಲ್ 27, 1980

ಮಗನೇ,

ಆ ಬಾಗಿಲನ್ನು ತಟ್ಟಿದೆ. ಹೇಳಬಾರದು ಎಂದು ಪ್ರಮಾಣ ಮಾಡಿದ್ದೇನೆ, ಹೇಳದಿದ್ದರೆ ಎದೆ ಒಡೆಯುತ್ತದೆ, ಆದ್ದರಿಂದ ಹೇಳುತ್ತೇನೆ.

ಎಲ್ಲ ಮನೆ ಮುಗಿಸಿ ಕೊನೆಗೆ ಹೋದೆ. ಎಲ್ಲ ಕಡೆ ಕಾಫಿ, ಬೆಣ್ಣೆ ಸವರಿದ ಆಲೂಗಡ್ಡೆ ರೊಟ್ಟಿ. ಸುಳ್ಳು ವಯಸ್ಸು ಹೇಳಿದವರು ಮೂವರು. ಅಂಚೆಯ ಎಲ್‌ಮರ್ ಬ್ರಾಟನ್ ತನ್ನ ನಾಯಿಯನ್ನು ಸೇರಿಸಿಕೋ ಎಂದು ಹಟ ಹಿಡಿದ. "ಊರಲ್ಲಿ ದಿನಾ ಕೆಲಸ ಮಾಡೋನು ಅವನೊಬ್ಬನೇ ಕಣಮ್ಮ" ಎಂದ. ಅಷ್ಟು ಹೊತ್ತಿಗೆ ತೊಂಬತ್ತೊಂದು ತಲೆಯಾಗಿತ್ತು.

ಥೋರಾ ಬಾಗಿಲು ತೆಗೆದು ನನ್ನ ಚೀಟಿ ನೋಡಿ, "ಒಳಗ್ ಬಾ. ಸರ್ಕಾರನ ಹೊರಗ್ ನಿಲ್ಲಿಸ್ಬಾರ್ದಂತೆ" ಎಂದಳು. ಸೆಲ್ಮರ್ ಮೇಜಿನ ಹತ್ತಿರ ಕೂತಿದ್ದ. ಹೆಂಡತಿ ಮಾತಾಡುವಾಗ ಅವನು ಯಾವಾಗಲೂ ಮೇಜಿನ ಹಾಸನ್ನು ನೋಡುತ್ತಾನೆ. ನಾನು ಕಾಗದ ಬಿಡಿಸಿ, ಪುಸ್ತಕದಲ್ಲಿ ಇರುವಂತೆಯೇ ಕೇಳಿದೆ.

"ಏಪ್ರಿಲ್ ಒಂದನೇ ತಾರೀಕು ಈ ಮನೇಲಿ ವಾಸ ಇದ್ದೋರು ಎಷ್ಟ್ ಜನ, ಥೋರಾ?"

"ಮೂರು."

ಸೆಲ್ಮರ್‌ನ ತಲೆ ಇನ್ನೂ ಕೆಳಗೆ ಹೋಯಿತು. ನಾನು, "ಮೂರಾ?" ಎಂದೆ.

"ಕಿವಿ ಕೇಳ್ಸಲ್ವಾ? ನಾನು, ಇವ್ರು, ರಾಡ್ನಿ. ಅವ್ನ ಹಾಸಿಗೆ ಇದೆ, ಬೂಟ್ಸ್ ಇದೆ, ಅಂಗಿ ಇಸ್ತ್ರಿ ಮಾಡಿಟ್ಟಿದೀನಿ. ಹೋಗಿ ನೋಡ್ಕೊಂಡ್ ಬಾ ಬೇಕಾದ್ರೆ. ಹುಟ್ಟಿದ್ದು ನಲವತ್ತೆಂಟನೇ ಇಸವಿ, ನೀನೇ ಅವತ್ತು ನೀರು ಕಾಯ್ಸಿದ್ದೆ. ಬರ್ಕೋ."

"ಥೋರಾ, ನಾನು ಪ್ರಮಾಣ ಮಾಡಿದೀನಿ..."

"ಹೌದಾ? ಹತ್ತು ವರ್ಷದ ಹಿಂದೆ ಬಂದೋನು ಎರಡು ಅಂತ ಬರ್ಕೊಂಡ್ ಹೋದ. ಅವ್ನು ಊರಿಗೆ ಹೊಸಬ, ಬಿಟ್ಟೆ. ನೀನು ಬಿಡ್ತೀಯಾ? ಆರ್ಡಿಸ್, ಎಲ್ರೂ ಬಿಡ್ಲಿ, ನೀನು ಬಿಡ್ತೀಯಾ?"

ನಾನು ಬರೆದೆ, ಡೇಲ್. ರಾಡ್ನಿ ಮೋಯೆನ್, ಮಗ, ವಯಸ್ಸು ಮೂವತ್ತೊಂದು, ಅವಿವಾಹಿತ. ವೃತ್ತಿ ಎಂಬಲ್ಲಿ ಪೆನ್ಸಿಲು ನಿಂತುಬಿಟ್ಟಿತು. "ಮನೇಲಿ ಕೆಲಸ ಅಂತ ಹಾಕು" ಎಂದಳು. ಹಾಕಿದೆ. ಅವಳು ನನಗೆ ಕಾಫಿ ಕೊಟ್ಟಳು. ಹನ್ನೊಂದು ವರ್ಷದಲ್ಲಿ ಅವಳ ಮನೆಯ ಮೊದಲ ಕಾಫಿ.

ಮನೆಗೆ ಬಂದು ನಮ್ಮ ಕಾಗದ ತುಂಬಿದೆ. ಎರಡು. ನೀನು ಬದುಕಿದ್ದೀಯ, ನಿನ್ನನ್ನು ನಾನು ಬರೆಯುವಂತಿಲ್ಲ. ನಮ್ಮಿಬ್ಬರನ್ನು ಎಣಿಕೆಯ ಮೊದಲಲ್ಲೇ ಹಾಕಿಕೊಂಡಿದ್ದೆ, ಮೋಯೆನ್‌ರ ಮೂರು ಸೇರಿ ಊರು ತೊಂಬತ್ತನಾಲ್ಕು. ಕೂತು ಅತ್ತೆ. ಅಪ್ಪ ಏನಾಯಿತು ಎಂದು ಕೇಳಿದರು, ಹೇಳಿದೆ. ಆಗಿನಿಂದ ಅವರು ಊಟದಲ್ಲಿ ಚಮಚ ಆಡಿಸುತ್ತಾ ಕೂರುತ್ತಾರೆ.

ಸುಳ್ಳು ಲೆಕ್ಕ ಕೊಟ್ಟ ಅಮ್ಮ


ಟೋರ್ವಿಕ್
ಮೇ 18, 1980

ಡೇಲ್,

ಇದನ್ನು ಕೂತುಕೊಂಡು ಓದು.

ಕೌಂಟಿ ಕೇಂದ್ರದ ಮೇಲ್ವಿಚಾರಕ ಎಲ್ಲ ಕಾಗದ ತಿರುವಿಹಾಕಿ, ಹತ್ತರಲ್ಲಿ ಒಂದು ಮನೆಗೆ ಫೋನು ಮಾಡಿ ತಾಳೆ ನೋಡುತ್ತಾನೆ. ಮೋಯೆನ್‌ರ ಮನೆಗೆ ಮಾಡಿದಾಗ ಥೋರಾ ಕೊಟ್ಟಿಗೆಯಲ್ಲಿದ್ದಳು. ಸೆಲ್ಮರ್ ಎತ್ತಿಕೊಂಡು "ಇಬ್ರು" ಎಂದ. ಕಾಗದ ನನ್ನ ಕೈಗೆ ವಾಪಸು ಬಂತು, ಸರಿಪಡಿಸಿ ಕಳಿಸಿ ಎಂದು. ಮೇಲ್ವಿಚಾರಕ ಒಳ್ಳೆಯವನು, ಹೆಚ್ಚೇನೂ ಕೇಳಲಿಲ್ಲ.

ನಾನು ಕೋಟು ಹಾಕಿಕೊಂಡು ಹೊರಟಾಗ ಅಪ್ಪ ಕರೆದರು. "ಆರ್ಡಿಸ್, ಸ್ವಲ್ಪ ಕೂತ್ಕೋ. ನಾನೊಂದ್ ಮಾತು ಹೇಳ್ಬೇಕು, ಹೇಳ್ದೆ ಸತ್ರೆ ತಪ್ಪಾಗುತ್ತೆ" ಎಂದರು. ಅವರು ಆಗ ಸೈನ್ಯಕ್ಕೆ ಹುಡುಗರನ್ನು ಆರಿಸುವ ಮಂಡಳಿಯಲ್ಲಿದ್ದರಲ್ಲ, ಪಟ್ಟಿ ಅವರ ಮೇಜಿನ ಖಾನೆಯಲ್ಲೇ ಇರುತ್ತಿತ್ತಲ್ಲ. ಅವರು ಹೇಳಿದ್ದನ್ನು ಹಾಗೆ ಹಾಗೆಯೇ ಬರೆಯುತ್ತೇನೆ.

"ರಾಡ್ನಿ ಡೇಲ್ ಬದ್ಲಿಗೆ ಹೋಗ್ಲಿಲ್ಲ. ಡೇಲ್ ಓಡ್ಹೋಗೋಕೆ ಎಂಟು ದಿನ ಮುಂಚೆ ರಾಡ್ನಿ ಗೋಪುರದ ಹತ್ರ ನನ್ನ ಹಿಡ್ಕೊಂಡ. ನನ್ನ ಹೆಸರು ಮುಂದಕ್ಕೆ ಹಾಕಿ ನೆಲ್ಸ್ ಮಾವ, ಈ ತಿಂಗಳೇ ಕಳ್ಸಿ ಅಂದ. ಯಾಕೋ ಅಂದೆ. ಇಲ್ಲಿರೋಕಾಗಲ್ಲ ಅಂದ. ಕೈಬರಹದಲ್ಲಿ ಅರ್ಜಿ ಕೊಟ್ಟ. ಅಮ್ಮಂಗೆ ಮಾತ್ರ ಹೇಳ್ಬೇಡಿ, ಸರದಿ ಬಂತು ಅಂತ ಅಂದ್ಕೊಳ್ಲಿ ಅಂತ ನನ್ ಕೈ ಹಿಡ್ದು ಮಾತು ತಗೊಂಡ. ಡೇಲ್ ಜಾಗಕ್ಕೆ ಹೋದೋನು ಬೇರೆ, ಆ ಕಡೆ ಊರಿನೋನು, ಅವ್ನು ಚೆನ್ನಾಗಿದಾನೆ, ಟ್ರ್ಯಾಕ್ಟರ್ ಮಾರ್ತಾನೆ."

ನಾನು ಎದ್ದು ನಿಂತೆ. "ಹನ್ನೆರಡು ವರ್ಷ ನಿಮ್ ಮಗನ ಮೇಲೆ ಊರು ಉಗೀತಾ ಇದ್ರೂ ಬಾಯಿ ಬಿಡ್ಲಿಲ್ವಲ್ರೀ!" ಎಂದು ಕಿರುಚಿದೆ. "ಅವ್ನು ಸತ್ತೋದ ಆರ್ಡಿಸ್. ಸತ್ತೋನಿಗೆ ಕೊಟ್ಟ ಮಾತು ವಾಪಸ್ ತಗೊಳ್ಳೋದು ಹೇಗೆ?" ಎಂದರು. ಆಮೇಲೆ, "ಡೇಲ್ ಮೇಲೆ ನಂಗೆ ಸಿಟ್ಟಿತ್ತು. ಇರ್ಲಿ, ಹೊರ್ಲಿ ಅನ್ನಿಸ್ತು" ಎಂದರು. ನಿನ್ನ ಹೆಸರನ್ನು ನಾಲ್ಕು ಸಲ ಹೇಳಿದರು. ನನಗೆ ಸಂತೋಷಪಡಬೇಕೋ ಪಾತ್ರೆ ಎತ್ತಿ ಎಸೆಯಬೇಕೋ ತಿಳಿಯಲಿಲ್ಲ.

ಅದನ್ನೆಲ್ಲ ಮುಖದ ಮೇಲೆ ಹೊತ್ತುಕೊಂಡೇ ಥೋರಾಳ ಮನೆಗೆ ಹೋದೆ. ಕಾಗದ ಮುಂದಿಟ್ಟೆ. ಅವಳು ಗಂಡನನ್ನು ಒಂದು ಸಲ ನೋಡಿದಳು, ಬೈಯಲಿಲ್ಲ. ರಬ್ಬರು ತೆಗೆದುಕೊಂಡು ತಾನೇ ಅಳಿಸಿದಳು. ಹೆಸರು, ವಯಸ್ಸು, ಕೆಲಸ. ಅಳಿಸಿದ ಪುಡಿಯನ್ನು ಅಂಗೈಗೆ ಗುಡಿಸಿಕೊಂಡು ಜೇಬಿಗೆ ಹಾಕಿಕೊಂಡಳು. ಊರು ತೊಂಬತ್ತಮೂರಾಯಿತು. ನಾನು ಏನೋ ಹೇಳಲು ಬಾಯಿ ತೆರೆದು, ಕಾಗದ ಮಡಚಿಕೊಂಡೆ. ಅವಳು ನನ್ನನ್ನು ದಿಟ್ಟಿಸಿದಳು.

ಈಗ ಕೇಳು. ನಿನ್ನ ತಲೆಯ ಮೇಲೆ ಏನೂ ಇಲ್ಲ. ಜೂನಿನಲ್ಲಿ ಬಾ. ಸ್ಮಶಾನದಲ್ಲಿ ಸತ್ತ ಸೈನಿಕರಿಗೆ ಬಾವುಟ ನೆಡುವ ದಿನ ಮುಗಿಯಲಿ, ನಾನೇ ಥೋರಾಗೆ ಎಲ್ಲ ಹೇಳುತ್ತೇನೆ. ಅಪ್ಪ ಬೇಡ ಎನ್ನುತ್ತಾರೆ. ಅವರ ಮಾತು ಹನ್ನೆರಡು ವರ್ಷ ನಡೆಯಿತು, ಸಾಕು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ


ವಿನಿಪೆಗ್
ಮೇ 25, 1980

ಅಮ್ಮ,

ಮೂರು ಸಲ ಓದಿದೆ. ಆಮೇಲೆ ಹೊರಗೆ ಹೋಗಿ ಬಸ್ಸಿನ ಟೈರಿಗೆ ಒದ್ದೆ. ಕಾಲು ಊದಿಕೊಂಡಿದೆ.

ಅಪ್ಪನಿಗೆ ಏನು ಹೇಳಲಿ? ಇಲ್ಲಿ ಬಂದ ಮೊದಲ ವರ್ಷ ನಾನು ಕನ್ನಡಿ ನೋಡಿ ಗಡ್ಡ ಹೆರೆಯುತ್ತಿರಲಿಲ್ಲ. ನಿಕೋಲ್ ಹುಟ್ಟಿದಾಗ, ಮೋಯೆನ್‌ರಿಗೆ ಮೊಮ್ಮಗು ಇಲ್ಲದಂತೆ ಮಾಡಿದವನು ನಾನು ಎಂದೇ ಮೊದಲು ಅನ್ನಿಸಿದ್ದು. ಅದನ್ನು ಹೆಂಡತಿಗೂ ಹೇಳಿಲ್ಲ. ಮನೆಯಲ್ಲಿ ಕೂತಿದ್ದ ಒಬ್ಬ ಮನುಷ್ಯನಿಗೆ ಇಷ್ಟೂ ವರ್ಷ ನಿಜ ಗೊತ್ತಿತ್ತು!

ಆದರೂ ಬರುತ್ತೇನೆ. ಸಿಟ್ಟನ್ನು ಅವರ ಎದುರೇ ಕೂತು ಕಾರಿಕೊಳ್ಳುತ್ತೇನೆ, ಪತ್ರದಲ್ಲಿ ಸುಖವಿಲ್ಲ. ಜೂನ್ 14, ಶನಿವಾರ, ಮಧ್ಯಾಹ್ನದ ಹೊತ್ತಿಗೆ. ಹೇಳು ಥೋರಾರಿಗೆ. ಊರಿಗೆಲ್ಲ ಹೇಳು. ಎಲ್‌ಮರ್‌ನ ನಾಯಿಗೂ ಹೇಳು. ನಾನು ಮುಖ್ಯ ಬೀದಿಯ ನಡುವೆ ಕಾರು ನಿಲ್ಲಿಸಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಬರುತ್ತೇನೆ.

ನಿಕೋಲ್ ತನ್ನ ಚೀಲಕ್ಕೆ ಈಗಲೇ ಬಟ್ಟೆ ತುಂಬಿದ್ದಾಳೆ. ದಿನಾ ತೆಗೆಯುತ್ತಾಳೆ, ದಿನಾ ತುಂಬುತ್ತಾಳೆ. ಅಜ್ಜನಿಗೆ ಯಾವ ಭಾಷೆ ಬರುತ್ತದೆ ಎಂದು ಕೇಳಿದಳು. ಮೌನ ಎಂದೆ. ಅದನ್ನು ಕಲಿಯುತ್ತಾಳಂತೆ.

ಸಂತೋಷವಾಗಿದೆ ಅಮ್ಮ. ಬರೆಯಲು ನಾಚಿಕೆಯಾಗುವಷ್ಟು.

ಡೇಲ್


ಟೋರ್ವಿಕ್
ಜೂನ್ 3, 1980

ಡೇಲ್ ಲುಂಡೆಗೆ,

ನಿನ್ನ ವಿಳಾಸವನ್ನು ಅಂಚೆಯ ಎಲ್‌ಮರ್‌ನಿಂದ ಇಸಿದುಕೊಂಡೆ. ಕೊಡಬಾರದು ಎಂದ, ಕೊಡುವವರೆಗೆ ನಿಂತೆ. ನಿನ್ನ ಅಮ್ಮನಿಗೆ ಇದು ಗೊತ್ತಿಲ್ಲ.

ನಿನ್ನೆ ಅವಳು ಹಣ್ಣಿನ ಕಡುಬು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕೂತಳು, ಜೌಗಿನ ನೀರು ಇಳಿಯಿತು ಎಂದಳು, ಎರಡು ಸಲ ನನ್ನ ಕೈ ಮುಟ್ಟಿದಳು, ಅರ್ಧ ಕಾಫಿ ಬಿಟ್ಟು ಎದ್ದು ಹೋದಳು. ಆರ್ಡಿಸ್ ಲುಂಡೆ ಜನ್ಮದಲ್ಲಿ ಕಾಫಿ ಬಿಟ್ಟವಳಲ್ಲ. ಗಣತಿಯ ಕಾಗದ ವಾಪಸು ತಂದ ದಿನವೂ ಅವಳ ಮುಖ ಹಾಗೇ ಇತ್ತು. ಅವಳಿಗೆ ಏನೋ ತಿಳಿದಿದೆ, ಅದು ರಾಡ್ನಿಯ ವಿಷಯ. ರಾಡ್ನಿ ತಾನಾಗಿಯೇ ಹೋದನೆಂದು ಹಿಂದೆ ಒಬ್ಬರು ಪಿಸುಗುಟ್ಟಿದ್ದರು. ಅವರನ್ನು ಮನೆಯಿಂದ ಆಚೆ ಕಳಿಸಿದ್ದೆ. ಈಗ ನಿದ್ದೆ ಬರುತ್ತಿಲ್ಲ.

ನಿನಗೆ ಒಂದು ವಿಷಯ ಹೇಳುತ್ತೇನೆ, ಸೆಲ್ಮರ್‌ಗೂ ಹೇಳಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ರಾಡ್ನಿ ಗೇಟು ಹಾಕಲು ಮರೆತ. ಹಸುಗಳು ಒದ್ದೆ ಹುಲ್ಲಿಗೆ ನುಗ್ಗಿ ಹೊಟ್ಟೆಯುಬ್ಬರಿಸಿ ಎರಡು ಸತ್ತವು. ನಮಗಿದ್ದದ್ದು ಐದು. ನಾನು ಆ ಹೆಣಗಳ ಪಕ್ಕ ನಿಂತು, "ಇವು ಇದ್ದು ನೀನು ಹೋಗಿದ್ರೆ ಚೆನ್ನಾಗಿತ್ತು" ಎಂದೆ. ಅವನು ಟೋಪಿ ಹಾಕಿಕೊಂಡು ಗೋಪುರದ ಕಡೆ ನಡೆದ. ಮುಂದಿನ ತಿಂಗಳು ಅವನಿಗೆ ಸೈನ್ಯದ ಕಾಗದ ಬಂತು. ನಾನು ಕ್ಷಮೆ ಕೇಳಲಿಲ್ಲ. ಬಸ್ಸು ಹತ್ತಿಸುವಾಗ ಕೇಳೋಣ ಎಂದುಕೊಂಡೆ, ಅಲ್ಲಿ ಜನ ಇದ್ದರು.

ಕಾಗದ ಬಂದದ್ದು ನಿನ್ನಿಂದ ಎಂದು ಊರು ಹೇಳಿತು. ನಾನು ಅದನ್ನು ಹಿಡಿದುಕೊಂಡೆ. ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನಿಮ್ಮ ಮನೆಗೆ ಶಾಪ ಹಾಕುತ್ತೇನೆ, ಆಮೇಲೆ ಒಲೆ ಹಚ್ಚುತ್ತೇನೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಅದರಿಂದಲೇ ಬದುಕಿದ್ದೇನೆ.

ನಿನ್ನ ಅಪ್ಪ ನೆಲ್ಸ್‌ನನ್ನು ಕೇಳಿದರೆ ಮಗನ ಪರ ಹೇಳುತ್ತಾನೆ. ಆರ್ಡಿಸ್ ಕನಿಕರಕ್ಕೆ ಏನಾದರೂ ಹೇಳುತ್ತಾಳೆ. ನೀನು ಹೇಳಿದರೆ ನಂಬುತ್ತೇನೆ. ಯಾಕೆಂದರೆ, ತಪ್ಪು ನಿನ್ನದಲ್ಲ ಎಂದರೆ ನಿನಗೆ ಲಾಭ. ನಿನ್ನದೇ ಎಂದು ನೀನು ಒಪ್ಪಿದರೆ ಅದು ಸುಳ್ಳಾಗಿರಲು ಸಾಧ್ಯವಿಲ್ಲ.

ಅವನನ್ನು ಕಳಿಸಿದ್ದು ನೀನೋ, ನಾನೋ? ಅಷ್ಟೇ ಬರೆ. ಬೇರೆ ಮಾತು ಬೇಡ.

ಥೋರಾ ಮೋಯೆನ್


ವಿನಿಪೆಗ್
ಜೂನ್ 9, 1980

ಅಮ್ಮ,

ಅಡುಗೆ ಮಾಡಬೇಡ. ನಾವು ಬರುತ್ತಿಲ್ಲ, ಈ ಶನಿವಾರವೂ ಇಲ್ಲ, ಮುಂದೆಯೂ ಇಲ್ಲ. ಥೋರಾರಿಗೆ ಏನೂ ಹೇಳಬೇಡ. ಅಪ್ಪ ಮಾಡಿದ್ದೇ ಸರಿ, ಹಾಗೆಂದು ಅವರಿಗೆ ಹೇಳು. ಅವರ ಮೇಲೆ ನನಗೀಗ ಸಿಟ್ಟಿಲ್ಲ ಎಂದೂ ಹೇಳು, ಇವತ್ತೇ ಹೇಳು.

ಯಾಕೆ ಎಂದು ಕೇಳಬೇಡ. ಕೇಳದೇ ಇರುವುದು ನಿನಗೆ ಕಷ್ಟ ಎಂದು ಗೊತ್ತು. ಅಪ್ಪನಿಗೆ ಪ್ರಯಾಣ ಮಾಡುವ ಶಕ್ತಿ ಇದ್ದರೆ ಗಡಿಯವರೆಗೆ ಕರೆದುಕೊಂಡು ಬಾ, ನಾನು ಈ ಕಡೆ ನಿಂತಿರುತ್ತೇನೆ. ಇಲ್ಲದಿದ್ದರೆ ನಿಕೋಲ್‌ನ ಫೋಟೋ ಕಳಿಸಿದ್ದೇನೆ, ತೋರಿಸು.

ಡೇಲ್


ವಿನಿಪೆಗ್
ಜೂನ್ 9, 1980

ಥೋರಾ ಅಮ್ಮನವರಿಗೆ,

ನಾನು.

ಪಟ್ಟಿಯನ್ನು ಅಪ್ಪನ ಮೇಜಿನ ಖಾನೆ ತೆಗೆದು ನೋಡಿದ್ದೆ. ನನ್ನ ಹೆಸರಿನ ಕೆಳಗೆ ರಾಡ್ನಿಯ ಹೆಸರಿತ್ತು. ನಾನು ಹೋದರೆ ಅವನನ್ನು ಕರೆಯುತ್ತಾರೆ ಎಂದು ತಿಳಿದೇ ಗಡಿ ದಾಟಿದೆ. ಅವನು ತಾನಾಗಿ ಹೋದ ಎನ್ನುವುದು ಸುಳ್ಳು, ಯಾರೋ ನಿಮ್ಮ ಸಮಾಧಾನಕ್ಕೆ ಹುಟ್ಟಿಸಿದ ಮಾತು. ಅಮ್ಮ ಬಂದದ್ದು ನನ್ನನ್ನು ಕರೆಸಿಕೊಳ್ಳಲು ನಿಮ್ಮ ಒಪ್ಪಿಗೆ ಕೇಳುವುದಕ್ಕೆ, ಧೈರ್ಯ ಸಾಲದೆ ಎದ್ದು ಹೋಗಿದ್ದಾಳೆ. ನಾನು ಬರುವುದಿಲ್ಲ ಎಂದು ಅವಳಿಗೆ ಬರೆದಿದ್ದೇನೆ.

ಹಸುಗಳ ವಿಷಯ ರಾಡ್ನಿ ನನಗೆ ಆಗಲೇ ಹೇಳಿದ್ದ. ದೋಣಿಯಲ್ಲಿ ಕೂತು ಹೇಳಿದ. ನೀವು ಬೈದದ್ದನ್ನು ನಿಮ್ಮ ಧ್ವನಿಯಲ್ಲೇ ಅಣಕಿಸಿ ತೋರಿಸಿದ, ಇಬ್ಬರೂ ನಕ್ಕೆವು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲೇ ಇಲ್ಲ. ಮನೆ ಬಿಟ್ಟು ಹೋಗುವುದಕ್ಕೆ ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ.

ನೀವು ಇಷ್ಟು ವರ್ಷ ಶಾಪ ಹಾಕಿದ್ದು ಸರಿಯಾದ ಮನೆಗೇ. ಬೆಳಿಗ್ಗೆ ಎದ್ದು ಹಾಕಿ, ಆಮೇಲೆ ಒಲೆ ಹಚ್ಚಿಕೊಳ್ಳಿ.

ಡೇಲ್ ಲುಂಡೆ